ಹೆರಾಲ್ಡಿಗೆ ಸಾಮಾನು ತರಿಸುವ ಮುನ್ನ

ಮರಿ, ನೀನು ಸ್ಟ್ಯಾಂಡರ್ಡ್ ಹೆರಾಲ್ಡ್ ಕೊಂಡ ಸುದ್ದಿ ನಿಮ್ಮಮ್ಮನಿಂದ ತಿಳಿದು ಸಂತೋಷವಾಯಿತು. ಇಂಗ್ಲೆಂಡಿನ ಅಂಗಡಿಯಿಂದ ಸಾಮಾನು ತರಿಸಲು ಪಟ್ಟಿ ಸಿದ್ಧವಾಗಿದೆ, ದುಡ್ಡು ಕಟ್ಟುವುದೊಂದೇ ಬಾಕಿ ಅಂತ ನೀನೇ ಫೋನಿನಲ್ಲಿ ಹೇಳಿದಾಗ ಮಾತ್ರ ಸ್ವಲ್ಪ ಗಾಬರಿಯಾಯಿತು. ಆ ಪಟ್ಟಿಯಲ್ಲಿರುವ ಮುಕ್ಕಾಲು ಪಾಲು ವಸ್ತುಗಳನ್ನು ನೀನು ನಿನ್ನ ಕಾರಿನಿಂದ ಇನ್ನೂ ಬಿಚ್ಚಿಯೇ ಇಲ್ಲ. ಹೊರದೇಶದಿಂದ ಬಿಡಿಭಾಗ ತರಿಸಿ ಕೈಸುಟ್ಟುಕೊಂಡವರನ್ನು ನಾನು ಬಹಳ ನೋಡಿದ್ದೇನೆ. ಅವರಲ್ಲಿ ಮಾರುವವನ ಮೋಸಕ್ಕೆ ಸಿಕ್ಕವರು ಕಡಿಮೆ. ತಮ್ಮ ಕಾರು ಯಾವುದು ಅಂತ ತಮಗೇ ಸರಿಯಾಗಿ ಗೊತ್ತಿಲ್ಲದೆ ಕೊಂಡವರೇ ಹೆಚ್ಚು.

'ಯಾವುದು ಅಂದರೇನು, ಹೆರಾಲ್ಡ್ ತಾನೇ' ಅನ್ನಬೇಡ. ಟ್ರಯಂಫ್ ಹೆರಾಲ್ಡ್ ಇಂಗ್ಲೆಂಡಿನ ಕೋವೆಂಟ್ರಿಯ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಯವರು 1959ರಲ್ಲಿ ಬಿಟ್ಟ ಕಾರು. ಅದಕ್ಕೆ ರೂಪ ಕೊಟ್ಟವನು ಇಟಲಿಯ ಜೊವಾನಿ ಮಿಕೆಲೊತ್ತಿ. 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ ಅದನ್ನೇ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ಇಲ್ಲಿ ತಯಾರಿಸಿತು. ಆಮೇಲೆ ಅಣ್ಣತಮ್ಮಂದಿರ ದಾರಿ ಬೇರೆಬೇರೆಯಾಯಿತು. ಅಲ್ಲಿನ ಹೆರಾಲ್ಡಿಗೆ 1961ರಲ್ಲೇ 1147 ಸಿಸಿ ಎಂಜಿನ್ ಬಂದು ಅದು ಹೆರಾಲ್ಡ್ 1200 ಆಯಿತು, 1967ರಲ್ಲಿ 1296 ಸಿಸಿಯ 13/60 ಆಯಿತು, 1971ಕ್ಕೆ ನಿಂತುಹೋಯಿತು. ನಮ್ಮದು ಕೊನೆಯತನಕ ಹಳೇ 948 ಸಿಸಿ ಎಂಜಿನ್ನಿನಲ್ಲೇ ಓಡಿತು. 1968ರ ನಂತರ ನಮ್ಮಲ್ಲಿ ಬಂದ ನಾಲ್ಕು ಬಾಗಿಲಿನ ಮಾರ್ಕ್ 3 ಇಂಗ್ಲೆಂಡಿನಲ್ಲಿ ತಯಾರಾಗಲೇ ಇಲ್ಲ. 1972ರಲ್ಲಿ ಬಂದ ಗೆಜಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹಿಂದಿನ ಸ್ವಿಂಗ್ ಆಕ್ಸಲ್ಲನ್ನೇ ಕಿತ್ತುಹಾಕಿ ಲೈವ್ ಆಕ್ಸಲ್ ಹಾಕಿಕೊಂಡಿತು.

ಈಗ ನಿನ್ನ ಪಟ್ಟಿ ನೋಡು. 'ಹೆರಾಲ್ಡ್ ಪಿಸ್ಟನ್ ಸೆಟ್' ಅಂತ ಬರೆದಿದ್ದೀಯ. ಮೂರೂ ಎಂಜಿನ್ನಿನ ಸ್ಟ್ರೋಕ್ ಒಂದೇ, 76 ಮಿಲಿಮೀಟರ್. ಬೋರ್ ಮಾತ್ರ 948ಕ್ಕೆ 63, 1147ಕ್ಕೆ 69.3, 1296ಕ್ಕೆ 73.7. ಫೋಟೋದಲ್ಲಿ ಮೂರು ಪಿಸ್ಟನ್ನೂ ಒಡಹುಟ್ಟಿದವರ ಹಾಗೆ ಕಾಣುತ್ತವೆ. ಅಂಗಡಿಯವನು 'ಹೆರಾಲ್ಡ್' ಎಂದು ಬರೆದಿದ್ದರೆ ಅವನ ಮನಸ್ಸಿನಲ್ಲಿರುವುದು ಅಲ್ಲಿ ಹೆಚ್ಚಾಗಿ ಉಳಿದಿರುವ 1200 ಅಥವಾ 13/60. ಅವನು ಸುಳ್ಳು ಹೇಳಿಲ್ಲ. ನೀನು ಕೇಳಬೇಕಾದ್ದನ್ನು ಕೇಳಲಿಲ್ಲ, ಅಷ್ಟೆ. ಹಿಂದಿನ ಬಾಗಿಲಿನ ರಬ್ಬರು, ಗಾಜು ಇಳಿಸುವ ಹಿಡಿಕೆಯ ಒಳಗಿನ ಯಂತ್ರ, ಹಿಂಬಾಗಿಲಿನ ಕ್ವಾರ್ಟರ್ ಗ್ಲಾಸು, ಇವೆಲ್ಲ ನಿನ್ನದು ಮಾರ್ಕ್ 3 ಆಗಿದ್ದರೆ ಇಂಗ್ಲೆಂಡಿನಲ್ಲಿ ಹುಡುಕುವುದೇ ದಂಡ. ಅಲ್ಲಿ ಇಲ್ಲದ ಬಾಗಿಲಿಗೆ ಅಲ್ಲಿ ಯಾರು ಸಾಮಾನು ಇಟ್ಟಿರುತ್ತಾರೆ?

ನಿಂತು ಐವತ್ತು ವರ್ಷ ದಾಟಿದ ಕಾರಿಗೆ ಅಲ್ಲಿ ಇಷ್ಟು ಸಾಮಾನು ಹೇಗೆ ಸಿಗುತ್ತದೆ ಅನ್ನುವುದನ್ನೂ ತಿಳಿದುಕೊ, ಹುಡುಕುವುದಕ್ಕೆ ಅನುಕೂಲ. ಹೆರಾಲ್ಡ್ ಹುಟ್ಟುವ ಮೊದಲು, 1953ರಲ್ಲಿ, ಫಿಶರ್ ಅಂಡ್ ಲಡ್ಲೋ ಎಂಬ ಬಾಡಿ ತಯಾರಕರನ್ನು ಪ್ರತಿಸ್ಪರ್ಧಿ ಬಿಎಂಸಿ ಕೊಂಡುಬಿಟ್ಟಿತ್ತು. ಇಡೀ ಬಾಡಿಯನ್ನು ಒಂದೇ ಕಡೆ ಮಾಡಿಸಿಕೊಳ್ಳುವ ದಾರಿ ಸ್ಟ್ಯಾಂಡರ್ಡ್-ಟ್ರಯಂಫ್‌ಗೆ ಕಟ್ಟಿತು. ಹಾಗಾಗಿ ಬೇರೆ ಚಾಸಿ ಮಾಡಿ, ಅದರ ಮೇಲೆ ತುಂಡುತುಂಡಾದ ಬಾಡಿಯನ್ನು ಬೋಲ್ಟು ಹಾಕಿ ಕೂರಿಸಿದರು. ಆ ಕಾಲಕ್ಕೆ ಅದು ಹಿಂದುಳಿದ ರೀತಿ. ಇವತ್ತು ನಿನಗೆ ಅದೇ ವರ, ಯಾಕೆಂದರೆ ಒಂದು ತುಂಡು ತುಕ್ಕು ಹಿಡಿದರೆ ಆ ತುಂಡನ್ನಷ್ಟೇ ಬಿಚ್ಚಬಹುದು. ಎರಡನೆಯದು, ಅದೇ ಚಾಸಿಯ ತಳಹದಿಯ ಮೇಲೆ 1962ರಲ್ಲಿ ಸ್ಪಿಟ್‌ಫೈರ್ ಎಂಬ ಎರಡು ಸೀಟಿನ ಕಾರು ಬಂತು. ಅದು 1980ರವರೆಗೆ ತಯಾರಾಗಿ ಅಮೆರಿಕಕ್ಕೂ ಧಾರಾಳವಾಗಿ ಹೋಯಿತು. ಇವತ್ತು ಹೆರಾಲ್ಡಿನ ಮುಂದಿನ ಸಸ್ಪೆನ್ಷನ್ ಸಾಮಾನು ಹೊಸದಾಗಿ ತಯಾರಾಗುತ್ತಿದೆ ಅಂದರೆ ಅದು ಸ್ಪಿಟ್‌ಫೈರ್ ಇಟ್ಟುಕೊಂಡವರ ಪುಣ್ಯ. ಆದರೆ ಸ್ಪಿಟ್‌ಫೈರ್ ಶುರುವಾದದ್ದೇ 1147 ಸಿಸಿ ಎಂಜಿನ್ನಿನಿಂದ. ನಿನ್ನ 948ಕ್ಕೆ ಆ ಪುಣ್ಯದಲ್ಲಿ ಪಾಲಿಲ್ಲ. ಆ ಎಂಜಿನ್ ಬಂದದ್ದು ಅದಕ್ಕೂ ಹಳೆಯದಾದ ಸ್ಟ್ಯಾಂಡರ್ಡ್ ಟೆನ್ ಕಾರಿನ ಮನೆತನದಿಂದ. ಆದ್ದರಿಂದ ಎಂಜಿನ್ ಸಾಮಾನಿಗೆ 'ಹೆರಾಲ್ಡ್' ಜೊತೆಗೆ 'ಸ್ಟ್ಯಾಂಡರ್ಡ್ ಟೆನ್', ಅದೇ ಮನೆತನದ 'ಪೆನಂಟ್' ಎಂಬ ಹೆಸರುಗಳಲ್ಲೂ ಹುಡುಕು. ಇಂಗ್ಲೆಂಡಿನಲ್ಲಿ ಟ್ರಯಂಫ್ ಕಾರಿನವರ ಸಂಘಗಳಿವೆ, ಸ್ಟ್ಯಾಂಡರ್ಡ್ ಕಾರಿನವರ ಸಂಘ ಬೇರೆಯೇ ಇದೆ. ನಿನಗೆ ಎರಡೂ ಬೇಕು.

ಅದಕ್ಕೂ ಮೊದಲು ಮನೆಯ ಹತ್ತಿರ ಹುಡುಕು. ಮದರಾಸಿನಲ್ಲಿ ಹುಟ್ಟಿದ ಕಾರಿಗೆ ಮೊದಲು ಕೇಳಬೇಕಾದದ್ದು ಚೆನ್ನೈನ ಜನರಲ್ ಪ್ಯಾಟರ್ಸ್ ರಸ್ತೆಯಲ್ಲಿ, ಪುದುಪೇಟೆಯಲ್ಲಿ. ಬೆಂಗಳೂರಿನಲ್ಲಾದರೆ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ. ಅಲ್ಲಿ ಹೆಸರು ಹೇಳಿ ಕೇಳಿದರೆ 'ಇಲ್ಲ ಸಾರ್' ಎಂಬ ಉತ್ತರ ಬಾಯಿಪಾಠವಾಗಿ ಬರುತ್ತದೆ. ವಸ್ತುವನ್ನು ಕೈಯಲ್ಲಿ ಹಿಡಿದು ಮೇಜಿನ ಮೇಲೆ ಇಡು. ಅಂಗಡಿಯ ಹಿರಿಯ ಅದನ್ನು ತಿರುಗಿಸಿ ನೋಡಿ, ಅಟ್ಟದ ಮೇಲಿಂದ ಧೂಳು ಹಿಡಿದ ಡಬ್ಬಿ ಇಳಿಸುವುದನ್ನು ನೀನೇ ನೋಡುತ್ತೀಯ. ಲ್ಯೂಕಾಸ್-ಟಿವಿಎಸ್ 1961ರಲ್ಲಿ, ಬ್ರೇಕ್ಸ್ ಇಂಡಿಯಾ 1962ರಲ್ಲಿ ಮದರಾಸಿನಲ್ಲಿ ಶುರುವಾದವು. ಲ್ಯೂಕಾಸ್ ಮಾದರಿಯ ವಿದ್ಯುತ್ ಸಾಮಾನು, ಗರ್ಲಿಂಗ್ ಮಾದರಿಯ ಬ್ರೇಕ್ ಸಾಮಾನು ಆಗಲೇ ಇಲ್ಲಿ ತಯಾರಾಗುತ್ತಿತ್ತು. ಸಮುದ್ರ ದಾಟಿ ತರಿಸಬೇಕೆಂದು ನೀನು ಅಂದುಕೊಂಡಿರುವ ವಸ್ತು ಎಷ್ಟೋ ಸಲ ಹೊಸೂರು ರಸ್ತೆಯಾಚೆ ಇರುತ್ತದೆ.

ಬೇರಿಂಗು, ಆಯಿಲ್ ಸೀಲುಗಳ ಮಾತಂತೂ ಇನ್ನೂ ಸುಲಭ. ಅವಕ್ಕೆ ಕಾರಿನ ಹೆಸರು ಬೇಕಿಲ್ಲ, ಅಂಕಿ ಸಾಕು. ಬೇರಿಂಗಿನ ಅಂಚನ್ನು ಸೀಮೆಎಣ್ಣೆಯಲ್ಲಿ ಒರೆಸಿದರೆ ಅಂಕಿ ಕಾಣುತ್ತದೆ. 6204 ಎಂದಿದ್ದರೆ ಒಳಗಣ್ಣು 20 ಮಿ.ಮೀ., ಹೊರಸುತ್ತು 47, ದಪ್ಪ 14. ಅದು ಜಪಾನಿನಲ್ಲೂ ಅಷ್ಟೇ, ಪೀಣ್ಯದಲ್ಲೂ ಅಷ್ಟೇ. ಹಳೇ ಬ್ರಿಟಿಷ್ ಕಾರಿನಲ್ಲಿ ಇಂಚಿನ ಅಳತೆಯ ಬೇರಿಂಗುಗಳೂ ಇರುತ್ತವೆ, ಅವಕ್ಕೆ ಬೇರೆ ಅಂಕಿ. ಅವೂ ದೊಡ್ಡ ಬೇರಿಂಗ್ ಅಂಗಡಿಗಳಲ್ಲಿ ತರಿಸಿಕೊಡುತ್ತಾರೆ. ಇವನ್ನು 'ಹೆರಾಲ್ಡ್ ವೀಲ್ ಬೇರಿಂಗ್ ಕಿಟ್' ಎಂಬ ಚಂದದ ಡಬ್ಬಿಯಲ್ಲಿ ಪೌಂಡಿನ ಲೆಕ್ಕದಲ್ಲಿ ಕೊಳ್ಳುವುದು ದುಡ್ಡಿಗೆ ಕೇಡು.

ಆದ್ದರಿಂದ ಒಂದು ವರ್ನಿಯರ್ ಕೊಂಡುಕೊ. ಬೆಲೆಯಲ್ಲಿ ಒಂದು ಹೋಟೆಲ್ ಊಟಕ್ಕಿಂತ ಹೆಚ್ಚಿಲ್ಲ. ವಸ್ತುವನ್ನು ಬಿಚ್ಚು, ತೊಳೆ, ಅಳೆ, ಸ್ಕೇಲು ಪಕ್ಕದಲ್ಲಿಟ್ಟು ಫೋಟೋ ತೆಗೆ. ಮೇಲೆ ಎರಕದಲ್ಲಿ ಮೂಡಿದ ಅಂಕಿ, ಕೊರೆದ ಅಂಕಿ, ಬಣ್ಣದ ಗುರುತು ಏನಿದ್ದರೂ ಬರೆದುಕೊ. ಎರಕದ ಅಂಕಿಯೇ ಪಾರ್ಟ್ ನಂಬರ್ ಅಂತ ತಿಳಿಯಬೇಡ. ಒಂದೇ ಎರಕದಿಂದ ಎರಡು ಮೂರು ಬಗೆಯ ವಸ್ತುವನ್ನು ಕಡೆದು ತೆಗೆಯುತ್ತಿದ್ದರು. ಹಳೇ ಸ್ಟ್ಯಾಂಡರ್ಡ್-ಟ್ರಯಂಫ್ ಸಾಮಾನಿನ ಡಬ್ಬಿಯ ಮೇಲೆ 'ಸ್ಟ್ಯಾನ್‌ಪಾರ್ಟ್' ಎಂದಿರುತ್ತದೆ. 'ಯೂನಿಪಾರ್ಟ್' ಎಂಬ ಹೆಸರು ಹುಟ್ಟಿದ್ದು 1974ರಲ್ಲಿ. ಯೂನಿಪಾರ್ಟ್ ಡಬ್ಬಿಯಲ್ಲಿರುವುದನ್ನು ಯಾರಾದರೂ 1965ರ ಸರಕು ಅಂತ ಮಾರಿದರೆ ನಕ್ಕು ಮುಂದೆ ಹೋಗು.

ಕೋವೆಂಟ್ರಿಯ ಪಾರ್ಟ್ಸ್ ಪುಸ್ತಕ ಅಂತರಜಾಲದಲ್ಲಿ ಸಿಗುತ್ತದೆ, ಇಳಿಸಿಕೊ. ಅದರಲ್ಲಿ 'ಇಂಥ ಕಮಿಷನ್ ನಂಬರಿನಿಂದ ಮುಂದಕ್ಕೆ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಟ್ರಯಂಫಿನವರು ಚಾಸಿ ನಂಬರಿಗೆ ಇಟ್ಟ ಹೆಸರು ಅದು. ಆ ಗಡಿಗಳು ಕೋವೆಂಟ್ರಿಯ ಸಾಲಿಗೆ ಸೇರಿದವು. ಅಲ್ಲಿ ಬದಲಾದದ್ದು ಅದೇ ತಿಂಗಳು ಮದರಾಸಿನಲ್ಲೂ ಬದಲಾಯಿತು ಅಂತ ಏನೂ ಇಲ್ಲ. ಪುಸ್ತಕದ ಚಿತ್ರ ನೋಡು, ಅಂಕಿ ನೋಡು, ಕೊನೆಯ ತೀರ್ಪು ಕೈಯಲ್ಲಿರುವ ವಸ್ತುವಿನದು.

ಎಡ ಬಲದ ವಿಚಾರ. ಕೇಳಲು ಚಿಕ್ಕದು, ಪಾರ್ಸೆಲ್ ವಾಪಸ್ ಹೋಗುವುದು ಇದರಿಂದಲೇ ಹೆಚ್ಚು. ಎಡ ಅಂದರೆ ಸೀಟಿನಲ್ಲಿ ಕೂತು ಮುಂದೆ ನೋಡಿದಾಗಿನ ಎಡ, ಬಾನೆಟ್ ಎದುರು ನಿಂತಾಗಿನದಲ್ಲ. ಇಂಗ್ಲೆಂಡಿನವರು ಎಡ ಬಲ ಅನ್ನುವುದೂ ಕಡಿಮೆ, 'ನಿಯರ್‌ಸೈಡ್', 'ಆಫ್‌ಸೈಡ್' ಅನ್ನುತ್ತಾರೆ. ನಿಯರ್‌ಸೈಡ್ ಅಂದರೆ ಫುಟ್‌ಪಾತ್ ಕಡೆ, ಅಂದರೆ ಎಡ. ಅಮೆರಿಕದವನು 'ಡ್ರೈವರ್ ಸೈಡ್' ಅಂದರೆ ಅದೂ ಎಡವೇ, ಆದರೆ ನಿನ್ನ ಡ್ರೈವರ್ ಕೂರುವುದು ಬಲಕ್ಕೆ. ಅಮೆರಿಕದ ಸ್ಪಿಟ್‌ಫೈರ್‌ನಿಂದ ಬಂದ ಸ್ಟಿಯರಿಂಗ್ ರ್‍ಯಾಕ್ ಎಷ್ಟೇ ಅಗ್ಗವಾಗಿದ್ದರೂ ಎಡ ಸ್ಟಿಯರಿಂಗಿನದು, ನಿನಗೆ ಬರುವುದಿಲ್ಲ. ಹೆಡ್‌ಲೈಟೂ ಹಾಗೆಯೇ. ಬಲಗಡೆ ಓಡಿಸುವ ದೇಶಕ್ಕೆ ಮಾಡಿದ ದೀಪ ಡಿಮ್ ಮಾಡಿದಾಗ ಬಲಕ್ಕೆ ಬೆಳಕು ಚೆಲ್ಲುತ್ತದೆ, ನಮ್ಮಲ್ಲಿ ಅದು ಎದುರು ಬರುವವನ ಕಣ್ಣಿಗೇ ನೇರ. ಯುರೋಪಿನಿಂದ ಬಲು ಹೊಳೆಯುವ ದೀಪ ತರಿಸಿ ಮೈಸೂರು ರಸ್ತೆಯಲ್ಲಿ ಎದುರಿನವರಿಂದ ಬೈಸಿಕೊಂಡ ಪುಣ್ಯಾತ್ಮರಿದ್ದಾರೆ.

ಹೆರಾಲ್ಡಿನಲ್ಲಿ ಎಡ ಬಲ ತಪ್ಪಿದರೆ ಪ್ರಾಣಕ್ಕೇ ಬರುವ ಒಂದು ಜಾಗವಿದೆ, ಅದು ಮುಂದಿನ ಟ್ರನಿಯನ್. ಮುಂದಿನ ಚಕ್ರವನ್ನು ಹೊತ್ತ ಉಕ್ಕಿನ ನಿಲುವುಗಂಬದ ಕೆಳತುದಿಯಲ್ಲಿ ಮರೆಸುತ್ತು, ಅಂದರೆ ಥ್ರೆಡ್ಡು, ಇದೆ. ಅದು ಹಿತ್ತಾಳೆಯಂಥ ಲೋಹದ ಒಂದು ಗೂಡಿನೊಳಗೆ ತಿರುಗುತ್ತದೆ. ಆ ಗೂಡೇ ಟ್ರನಿಯನ್. ನೀನು ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಆ ಮರೆಯಲ್ಲೇ ಚಕ್ರ ತಿರುಗುವುದು. ಇಪ್ಪತ್ತೈದು ಅಡಿ ವ್ಯಾಸದಲ್ಲಿ ಇಡೀ ಕಾರು ಸುತ್ತುತ್ತದೆ ಅಂತ ಹೆರಾಲ್ಡಿಗೆ ಹೆಸರಲ್ಲವೇ, ಆ ಸೊಗಸಿನ ಭಾರವೆಲ್ಲ ಬೀಳುವುದು ಇಲ್ಲಿಗೆ. ಒಂದು ಕಡೆಯದು ಬಲಮರೆ, ಇನ್ನೊಂದು ಎಡಮರೆ. ಆದ್ದರಿಂದ ಎರಡಕ್ಕೂ ಬೇರೆ ಬೇರೆ ನಂಬರು. ಜೋಡಿಯಾಗಿ ತರಿಸು, ಬಂದ ತಕ್ಷಣ ಮರೆ ಪರೀಕ್ಷಿಸು. ಇನ್ನೊಂದು: ಅದಕ್ಕೆ ಹಾಕಬೇಕಾದದ್ದು ಗ್ರೀಸ್ ಅಲ್ಲ, ಇಪಿ 90 ಗೇರ್ ಆಯಿಲ್. ನಮ್ಮ ಮೇಸ್ತ್ರಿಗಳು ನಿಪ್ಪಲ್ ಕಂಡ ಕಡೆ ಗ್ರೀಸ್ ಗನ್ ಒತ್ತುವುದು ಕೈಗೆ ಬಂದ ಅಭ್ಯಾಸ. ಗ್ರೀಸ್ ಒಣಗುತ್ತದೆ, ನೀರು ಸೇರುತ್ತದೆ, ಒಳಗಿನ ಉಕ್ಕಿನ ಮರೆ ತುಕ್ಕು ತಿಂದು ಒಂದು ದಿನ ಪಟ್ಟನೆ ಮುರಿಯುತ್ತದೆ, ಚಕ್ರ ಕಾರಿನಡಿಗೆ ಮಡಚಿಕೊಳ್ಳುತ್ತದೆ. ಟ್ರನಿಯನ್ ಮಾತ್ರ ಹೊಸದು ತರಿಸಿ ಹಳೇ ಗಂಬಕ್ಕೆ ಹಾಕುವುದು ಅರ್ಧ ಕೆಲಸ. ಗಂಬದ ಮರೆಯಲ್ಲಿ ಗುಂಡಿ ಬಿದ್ದಿದ್ದರೆ ಅದನ್ನೂ ಪಟ್ಟಿಗೆ ಸೇರಿಸು. ವಿದೇಶಕ್ಕೆ ದುಡ್ಡು ಕಳಿಸಲು ಇದಕ್ಕಿಂತ ಯೋಗ್ಯವಾದ ಕಾರಣ ನಿನ್ನ ಕಾರಿನಲ್ಲಿ ಇಲ್ಲ.

ಬ್ಯಾಟರಿಯ ಯಾವ ತುದಿ ಬಾಡಿಗೆ ಕಟ್ಟಿದೆ ಅಂತಲೂ ನೋಡು. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಅರ್ಥ್ ಇರುತ್ತಿತ್ತು. ಎಷ್ಟೋ ಕಾರನ್ನು ಆಮೇಲೆ ಯಾರೋ ತಿರುಗಿಸಿರುತ್ತಾರೆ. ಈಗ ಮಾರುವ ಎಲೆಕ್ಟ್ರಾನಿಕ್ ಇಗ್ನಿಷನ್, ಆಲ್ಟರ್ನೇಟರ್ ಬಹುತೇಕ ನೆಗೆಟಿವ್ ಅರ್ಥಿಗೆ ಮಾಡಿದವು. ತಪ್ಪಾಗಿ ಕೊಟ್ಟರೆ ಅದು ಸುಡಲು ಕ್ಷಣ ಸಾಕು. ಸುಟ್ಟದ್ದನ್ನು ಯಾವ ಅಂಗಡಿಯವನೂ ವಾಪಸ್ ತೆಗೆದುಕೊಳ್ಳುವುದಿಲ್ಲ, ತೆಗೆದುಕೊಳ್ಳಬೇಕಾಗಿಯೂ ಇಲ್ಲ.

'ಎನ್‌ಒಎಸ್' ಎಂಬ ಮೂರಕ್ಷರ ಕಂಡರೆ ಹುಡುಗರ ಕಣ್ಣು ಅರಳುತ್ತದೆ. ಅಂದಿನ ಕಾಲದಲ್ಲೇ ತಯಾರಾಗಿ, ಮಾರಾಟವಾಗದೆ ಡಬ್ಬಿಯಲ್ಲೇ ಉಳಿದ ಸರಕು. ಲೋಹದ ವಸ್ತುವಾದರೆ ನಾನೂ ಆಸೆಪಡುತ್ತೇನೆ. ಗೇರಿನ ಹಲ್ಲು, ಬಾಗಿಲಿನ ಬೀಗ, ಲೋಹದ ಲಾಂಛನ, ಇವುಗಳ ಹೊಳಪು ಇಂದಿನ ನಕಲಿಗೆ ಬರುವುದಿಲ್ಲ. ರಬ್ಬರಿಗೆ ಮಾತ್ರ ಡಬ್ಬಿಯೊಳಗೂ ವಯಸ್ಸಾಗುತ್ತದೆ. 1970ರ ಬ್ರೇಕ್ ಸಿಲಿಂಡರ್ ಕಿಟ್ಟಿನ ವಾಷರು ಹೊಸದಾಗಿ ಕಾಣಬಹುದು, ಬೆರಳಲ್ಲಿ ಹಿಂಡಿದರೆ ಬಿರುಕು ಬಾಯಿ ಬಿಡುತ್ತದೆ. ಬ್ರೇಕಿನ ರಬ್ಬರು, ಬ್ರೇಕಿನ ಹೋಸು, ಪೆಟ್ರೋಲ್ ಹೋಸು ಹಳೇ ಸ್ಟಾಕಿನದು ಪುಕ್ಕಟೆ ಕೊಟ್ಟರೂ ಬೇಡ. ಹಳೇ ಬ್ರೇಕ್ ಲೈನರಿನಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು. ಅದನ್ನು ಉಜ್ಜಿ ಬಾಯಿಂದ ಊದುವ ಅಭ್ಯಾಸ ನಮ್ಮ ಗ್ಯಾರೇಜುಗಳಲ್ಲಿ ಇನ್ನೂ ಇದೆ, ನೀನು ಕಲಿಯಬೇಡ. ಬ್ರೇಕ್ ಶೂಗೆ ಹೊಸ ಲೈನರ್ ಹೊಡೆಸುವುದು, ಸವೆದ ಸಿಲಿಂಡರಿಗೆ ಸ್ಲೀವ್ ಹಾಕಿಸುವುದು ಇಲ್ಲಿನ ಲೇತಿನವರೇ ಚೆನ್ನಾಗಿ ಮಾಡುತ್ತಾರೆ.

ಹೊಸದಾಗಿ ಮಾಡಿದ ನಕಲಿನ ಕತೆ ಬೇರೆ. 'ಒಇ ಕ್ವಾಲಿಟಿ', 'ಟು ಸೂಟ್ ಟ್ರಯಂಫ್' ಅನ್ನುವ ಮಾತುಗಳಿಗೆ ಅರ್ಥವೇನೂ ಇಲ್ಲ, ಯಾರು ಬೇಕಾದರೂ ಬರೆದುಕೊಳ್ಳಬಹುದು. ಯಾರು ಮಾಡಿದ್ದು, ಯಾವ ದೇಶದ್ದು ಅಂತ ನೇರವಾಗಿ ಕೇಳು. ಉತ್ತರ ಕೊಡುವವನ ಹತ್ತಿರ ಎರಡು ಪೌಂಡ್ ಹೆಚ್ಚಾದರೂ ಕೊಳ್ಳು. ಡಿಸ್ಟ್ರಿಬ್ಯೂಟರಿನ ರೋಟರ್ ಆರ್ಮ್, ಕಂಡೆನ್ಸರ್, ಈ ಎರಡು ಪುಟ್ಟ ವಸ್ತುಗಳ ಅಗ್ಗದ ನಕಲು ಹಳೇ ಬ್ರಿಟಿಷ್ ಕಾರಿನವರಿಗೆ ಲೋಕದಲ್ಲೆಲ್ಲ ತಲೆನೋವು. ಎಂಜಿನ್ ಬಿಸಿಯಾದ ಮೇಲೆ ವಿದ್ಯುತ್ ಒಳಗೇ ಸೋರಿ ಕಾರು ನಿಂತುಬಿಡುತ್ತದೆ, ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಚಾಲೂ ಆಗುತ್ತದೆ. ಕಾರ್ಬುರೇಟರ್ ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ತೊಳೆದು, ಮೇಸ್ತ್ರಿಯನ್ನು ಬೈದು, ಆಮೇಲೆ ಅದು ರೋಟರ್ ಅಂತ ತಿಳಿಯುತ್ತದೆ. ಓಡುತ್ತಿರುವ ಹಳೇ ರೋಟರ್ ಇದ್ದರೆ ಅದನ್ನು ಎಸೆಯದೆ ಡಿಕ್ಕಿಯಲ್ಲಿ ಇಟ್ಟುಕೊ.

ಮಾರುವವರ ವಿಷಯಕ್ಕೆ ಬರೋಣ. ಇಂಗ್ಲೆಂಡಿನಲ್ಲಿ ಟ್ರಯಂಫ್ ಸಾಮಾನನ್ನೇ ಮಾರುವ ಅಂಗಡಿಗಳಿವೆ. ಅವುಗಳಲ್ಲಿ ಕೆಲವನ್ನು ನಡೆಸುವವರು ನನ್ನ ವಯಸ್ಸಿನವರು. ಅಂಥವರಿಗೆ 'ಹಾಯ್, ಈಸ್ ದಿಸ್ ಅವೈಲಬಲ್' ಅಂತ ಬರೆದರೆ ಉತ್ತರ ಬರದಿದ್ದರೂ ಆಶ್ಚರ್ಯವಿಲ್ಲ. 'ನನ್ನದು ಮದರಾಸಿನಲ್ಲಿ ತಯಾರಾದ 948 ಸಿಸಿ ಕಾರು, ಈ ವಸ್ತುವಿನ ಅಳತೆ ಇಷ್ಟು, ಫೋಟೋ ಇದೆ, ನಿಮ್ಮ ಹತ್ತಿರ ಇರುವುದು ಇದಕ್ಕೆ ಹೊಂದುತ್ತದೆಯೇ' ಅಂತ ನಾಲ್ಕು ಸಾಲು ಮರ್ಯಾದೆಯಿಂದ ಬರೆದು ನೋಡು. 'ಅದನ್ನು ಕೊಳ್ಳಬೇಡ, ನಿನಗೆ ಬೇಕಾದದ್ದು ಇದು' ಅಂತ ತಿದ್ದಿ ಹೇಳುವವರು ಅವರಲ್ಲಿ ಇದ್ದಾರೆ. ಆಮೇಲೆ ಒಂದು ಮಾತು ಮರೆಯದೆ ಕೇಳು. ಅಲ್ಲಿ ತೋರಿಸುವ ಬೆಲೆಯಲ್ಲಿ ನೂರಕ್ಕೆ ಇಪ್ಪತ್ತು ವ್ಯಾಟ್ ಸೇರಿರುತ್ತದೆ. ದೇಶದಿಂದ ಹೊರಗೆ ಕಳಿಸುವ ಸರಕಿಗೆ ಅದನ್ನು ಬಿಡಲು ಅವಕಾಶವಿದೆ. ಕೇಳಿದರೆ ಬಿಡುತ್ತಾರೆ, ಕೇಳದಿದ್ದರೆ ಕೆಲವರು ಸುಮ್ಮನಿರುತ್ತಾರೆ. 'ಎಕ್ಸ್‌ಚೇಂಜ್' ಎಂದು ಬರೆದ ವಸ್ತುವಿನ ತಂಟೆಗೆ ಹೋಗಬೇಡ. ಹಳೆಯದನ್ನು ಹಿಂತಿರುಗಿಸಿದರೆ ಮಾತ್ರ ಆ ಬೆಲೆ, ಇಲ್ಲದಿದ್ದರೆ ಮೇಲೆ ಸರ್‌ಚಾರ್ಜ್. ನಿನ್ನ ತುಕ್ಕು ಹಿಡಿದ ಡೈನಮೋವನ್ನು ಇಲ್ಲಿಂದ ಕಳಿಸುವ ಖರ್ಚಿನಲ್ಲಿ ಇನ್ನೊಂದು ಬರುತ್ತದೆ.

ಅಂಗಡಿ ಇಲ್ಲದೆ ಒಬ್ಬಂಟಿಯಾಗಿ ಮಾರುವವನಾದರೆ, ಇವತ್ತಿನ ದಿನಪತ್ರಿಕೆ ಪಕ್ಕದಲ್ಲಿಟ್ಟು ವಸ್ತುವಿನ ಹೊಸ ಫೋಟೋ ಕಳಿಸು ಅನ್ನು. ಹಣವನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಡು, ವಸ್ತು ಬರದಿದ್ದರೆ ಬ್ಯಾಂಕಿಗೆ ದೂರು ಕೊಟ್ಟು ತಡೆಯುವ ದಾರಿಯಾದರೂ ಇರುತ್ತದೆ. ಸ್ನೇಹಿತರಿಗೆ ಕಳಿಸುವ ಲೆಕ್ಕದಲ್ಲಿ ಹಾಕಿ, ಕಮಿಷನ್ ಉಳಿಯುತ್ತದೆ ಅಂತ ಯಾರಾದರೂ ಅಂದರೆ ಅಲ್ಲಿಗೇ ಮಾತು ಮುಗಿಸು.

ಇನ್ನು ಲೆಕ್ಕ. ವಸ್ತುವಿನ ಬೆಲೆ ನೋಡಿ ಕೊಳ್ಳಬೇಡ, ಮನೆ ಬಾಗಿಲಿನ ಬೆಲೆ ನೋಡಿ ಕೊಳ್ಳು. ಕಸ್ಟಮ್ಸಿನವರು ಸುಂಕ ಹಾಕುವುದು ವಸ್ತುವಿನ ಮೇಲೆ ಮಾತ್ರವಲ್ಲ, ಸಾಗಣೆ ಮತ್ತು ವಿಮೆ ಸೇರಿದ ಮೊತ್ತದ ಮೇಲೆ. ಹತ್ತು ಸಾವಿರ ರೂಪಾಯಿಯ ವಸ್ತು, ಸಾಗಣೆ, ವಿಮೆ ಸೇರಿ ನಾಲ್ಕು ಸಾವಿರ ಅಂತಿಟ್ಟುಕೊ. 14,000ದ ಮೇಲೆ ಮೂಲ ಸುಂಕ ನೂರಕ್ಕೆ 15 ಆದರೆ 2,100. ಆ ಸುಂಕದ ಮೇಲೆ ನೂರಕ್ಕೆ 10 ಸಮಾಜ ಕಲ್ಯಾಣ ಸರ್‌ಚಾರ್ಜ್, 210. ಈಗ 16,310 ಆಯಿತು, ಇದರ ಮೇಲೆ ನೂರಕ್ಕೆ 18 ಐಜಿಎಸ್‌ಟಿ, ಹತ್ತಿರ ಹತ್ತಿರ 2,936. ಒಟ್ಟು 19,246. ಕೊರಿಯರಿನವರ ಕೈಖರ್ಚು, ಕಾರ್ಡಿನವರ ವಿನಿಮಯ ಕಮಿಷನ್ ಇನ್ನೂ ಸೇರಿಲ್ಲ. ಹತ್ತು ಸಾವಿರದ ವಸ್ತು ಇಪ್ಪತ್ತರ ಹತ್ತಿರ ಬಂತು. ದರಗಳು ಬದಲಾಗುತ್ತಿರುತ್ತವೆ. 2025ರ ಸೆಪ್ಟೆಂಬರ್ 22ಕ್ಕೆ ಮುಂಚೆ ವಾಹನದ ಬಿಡಿಭಾಗದ ಜಿಎಸ್‌ಟಿ ಎಷ್ಟೋ ವಸ್ತುಗಳಿಗೆ 28 ಇತ್ತು. ಅಧಿಕಾರಿ ಯಾವ ಶೀರ್ಷಿಕೆಯಡಿ ಹಾಕುತ್ತಾನೆ ಅನ್ನುವುದರ ಮೇಲೂ ಮೊತ್ತ ಏರುಪೇರಾಗುತ್ತದೆ. ಆರ್ಡರ್ ಮಾಡುವ ದಿನ ದರ ವಿಚಾರಿಸು, ಲೆಕ್ಕದ ರೀತಿ ಇದೇ.

ಸಾಗಣೆಯಲ್ಲೂ ಒಂದು ಸೂಕ್ಷ್ಮವಿದೆ. ಕೊರಿಯರಿನವರು ತೂಕವನ್ನಷ್ಟೇ ನೋಡುವುದಿಲ್ಲ, ಡಬ್ಬಿ ಗಾಳಿಯಲ್ಲಿ ಎಷ್ಟು ಜಾಗ ಹಿಡಿಯುತ್ತದೆ ಅಂತಲೂ ನೋಡುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬಂಪರಿಗೆ 150, 30, 25ರ ಡಬ್ಬಿ ಬೇಕಾದರೆ ಅದು 22.5 ಕಿಲೋ ಲೆಕ್ಕ, ಬಂಪರು ಐದೇ ಕಿಲೋ ಇದ್ದರೂ. ಆದ್ದರಿಂದ ಬಂಪರು, ಬಾನೆಟ್ಟು, ಮುಂಗಾಜು ತರಿಸುವ ಯೋಚನೆ ಬಿಟ್ಟುಬಿಡು. ಹೆರಾಲ್ಡಿನ ಬಾನೆಟ್ಟು ಅಂದರೆ ಎರಡೂ ಮಡ್‌ಗಾರ್ಡ್ ಸೇರಿದ ಇಡೀ ಮೂತಿ. ಒಳ್ಳೆಯ ಟಿಂಕರಿಂಗ್ ಮೇಸ್ತ್ರಿ ಅದನ್ನು ಇಲ್ಲೇ ಎಬ್ಬಿಸಿ ನಿಲ್ಲಿಸುತ್ತಾನೆ.

'ಗಿಫ್ಟ್ ಅಂತ ಬರೆದು ಕಳಿಸಿ' ಅನ್ನುವ ಹಳೇ ಚಾಳಿ ಈಗ ನಡೆಯುವುದಿಲ್ಲ. ಅಂಚೆ, ಕೊರಿಯರಿನ ಉಡುಗೊರೆಗೆ ಇದ್ದ ಸುಂಕ ವಿನಾಯಿತಿಯನ್ನು 2019ರ ಡಿಸೆಂಬರಿನಲ್ಲೇ ತೆಗೆದರು. ಉಳಿದದ್ದು ರಾಖಿಗೆ ಮತ್ತು ಜೀವ ಉಳಿಸುವ ಔಷಧಿಗೆ ಮಾತ್ರ. ಬೆಲೆ ಕಡಿಮೆ ಬರೆಸುವುದೂ ಬೇಡ. ಸಿಕ್ಕಿಬಿದ್ದರೆ ದಂಡ, ಮುಟ್ಟುಗೋಲು. ಪಾರ್ಸೆಲ್ ಕಳೆದರೆ ಬರೆಸಿದ ಬೆಲೆಯಷ್ಟೇ ಪರಿಹಾರ. ಬಳಸಿದ ಸಾಮಾನಿನ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ನಮ್ಮ ವಿದೇಶ ವ್ಯಾಪಾರ ನೀತಿಯಲ್ಲಿ ಯಂತ್ರೋಪಕರಣವಲ್ಲದ ಸೆಕೆಂಡ್ ಹ್ಯಾಂಡ್ ಸರಕಿನ ಆಮದು ನಿರ್ಬಂಧಿತ, ಪರವಾನಗಿ ಇಲ್ಲದೆ ತರಿಸುವಂತಿಲ್ಲ. ಅಲ್ಲಿನ ಗುಜರಿಯಿಂದ ಕಿತ್ತ ಗೇರ್‌ಬಾಕ್ಸ್ ಅಗ್ಗವಾಗಿ ಕಂಡರೂ ಅದು ವಿಮಾನ ನಿಲ್ದಾಣದ ಗೋದಾಮಿನಲ್ಲಿ ಕೂತು, ದಿನಕ್ಕಿಷ್ಟು ಬಾಡಿಗೆ ಬೆಳೆಸುವ ಸಾಧ್ಯತೆಯೇ ಹೆಚ್ಚು.

ಬರ್ಮಿಂಗ್‌ಹ್ಯಾಮಿನಲ್ಲಿ ನಿನ್ನ ಅಕ್ಕ ಇದ್ದಾಳೆ, ಯುಗಾದಿಗೆ ಬರುವಾಗ ತರುತ್ತಾಳೆ ಅಂತ ನೀನು ಅಂದೆ. ಅವಳ ಸೂಟ್‌ಕೇಸಿನಲ್ಲಿ ಮಕ್ಕಳ ಬಟ್ಟೆ, ಊರಿನವರಿಗೆ ಚಾಕೊಲೇಟು, ಅತ್ತೆಯ ಔಷಧಿ ಇರುತ್ತದೆ. ಅದರ ನಡುವೆ ನಿನ್ನ ಎಣ್ಣೆ ಮೆತ್ತಿದ ಕಬ್ಬಿಣ ಯಾಕೆ? ಸೀಲುಗಳ ಒಂದು ಪಾಕೆಟ್ಟು, ಲಾಂಛನ, ಗ್ಯಾಸ್ಕೆಟ್ ಸೆಟ್ಟು, ಹೊಸದಾಗಿರುವ ಹಗುರ ವಸ್ತುವಾದರೆ ಕೇಳು, ಬಿಲ್ಲು ಅವಳ ಕೈಯಲ್ಲಿರಲಿ. ಬಳಸಿದ ಪೆಟ್ರೋಲ್ ಪಂಪು, ಕಾರ್ಬುರೇಟರು ಮಾತ್ರ ಬೇಡವೇ ಬೇಡ. ಪೆಟ್ರೋಲಿನ ವಾಸನೆ ಬಂದರೆ ವಿಮಾನದವರು ಸಾಮಾನನ್ನು ಕೆಳಗಿಳಿಸುತ್ತಾರೆ, ಉತ್ತರ ಹೇಳಬೇಕಾದವಳು ಅವಳು. ಸಂಬಂಧಿಕರ ಹತ್ತಿರ ಒಂದು ಸಲ ಕೇಳಬಹುದು, ಪ್ರತಿ ಸಲ ಕೇಳಿದರೆ ಅವರು ಊರಿಗೆ ಬರುವ ತಾರೀಖನ್ನೇ ನಿನಗೆ ಹೇಳುವುದಿಲ್ಲ.

ಪಾರ್ಸೆಲ್ ಬಂದಾಗ ಬಿಚ್ಚುವ ಮುಂಚೆ ಮೊಬೈಲಿನಲ್ಲಿ ವಿಡಿಯೋ ಶುರುಮಾಡು. ಹಳೇ ವಸ್ತುವಿನ ಪಕ್ಕದಲ್ಲಿಟ್ಟು ತೂತು, ಮರೆ, ಉದ್ದ ಎಲ್ಲ ಹೋಲಿಸು. ಹೊಂದದಿದ್ದರೆ ಸುತ್ತಿಗೆಯಿಂದ ಹೊಂದಿಸಲು ಹೋಗಬೇಡ, ಮೇಸ್ತ್ರಿಗೂ ಬಿಡಬೇಡ. ಒಮ್ಮೆ ಗೀರು ಬಿದ್ದರೆ ವಾಪಸ್ ಆಗುವುದಿಲ್ಲ. ಹೊಸದು ಹಾಕಿ ಕಾರು ಒಂದು ಮಳೆಗಾಲ ಓಡುವವರೆಗೆ ಹಳೆಯದನ್ನು ಗುಜರಿಗೆ ಹಾಕಬೇಡ. ಪಾರ್ಟ್ ನಂಬರು, ಬಿಲ್ಲು, ಸುಂಕ ಕಟ್ಟಿದ ರಸೀದಿ, ಎಲ್ಲವೂ ಒಂದು ಫೈಲಿನಲ್ಲಿರಲಿ. ನಮ್ಮೂರಿನಲ್ಲಿ ಹೆರಾಲ್ಡ್ ಇಟ್ಟುಕೊಂಡಿರುವ ಉಳಿದವರನ್ನು ಹುಡುಕಿಕೊ. ಮೂರು ಜನ ಸೇರಿ ತರಿಸಿದರೆ ಸಾಗಣೆ ಹಂಚಿಹೋಗುತ್ತದೆ, ಒಬ್ಬರ ಗ್ಯಾರೇಜಿನಲ್ಲಿ ಹೆಚ್ಚಾಗಿ ಬಿದ್ದಿರುವುದು ಇನ್ನೊಬ್ಬರಿಗೆ ಬೇಕಾಗಿರುತ್ತದೆ.

ಎಂಜಿನ್ ಬಿಚ್ಚುವ ಮೊದಲು ಎಂಜಿನ್ ಸಾಮಾನು ತರಿಸಬೇಡ. ಬೋರ್ ಎಷ್ಟು ಸವೆದಿದೆ, ಹಿಂದೆ ಯಾರಾದರೂ ಓವರ್‌ಸೈಜ್ ಮಾಡಿಸಿದ್ದಾರೆಯೇ, ಕ್ರ್ಯಾಂಕನ್ನು ಎಷ್ಟು ಅರೆದಿದ್ದಾರೆ ಎಂಬುದನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ಲಾಂಛನ, ಕ್ರೋಮ್ ಪಟ್ಟಿ, ಸ್ಟಿಯರಿಂಗ್ ಚಕ್ರದ ನಡುವಿನ ಬಿಲ್ಲೆ, ಇವೆಲ್ಲ ಈ ವರ್ಷ ಬೇಡ. ಮೊದಲ ಆರ್ಡರಿನಲ್ಲಿ ಮುಂದಿನ ಎರಡು ಟ್ರನಿಯನ್ನು, ಗಂಬಗಳು ಸವೆದಿದ್ದರೆ ಅವು, ಬ್ರೇಕಿನ ಹೊಸ ರಬ್ಬರು ಮತ್ತು ಹೋಸು ಇರಲಿ. ಅವು ಬಂದು ಕೂತು, ಕಾರು ನೆಟ್ಟಗೆ ನಿಲ್ಲುವುದನ್ನೂ ತಿರುಗುವುದನ್ನೂ ಕಲಿತ ಮೇಲೆ, ಉಳಿದದ್ದಕ್ಕೆ ಆರ್ಡರ್ ಹಾಕು.